ಘಟ್ಟದ ಲಾರಿಯ ಹೊಗೆ ಕೊಳವೆ: ಏರುವಾಗಿನ ಲಾಭ, ಇಳಿಯುವಾಗಿನ ಅಪಾಯ



ಪೂರ್ತಿ ಲೋಡು ಹೊತ್ತ ಹಳೆಯ ಲಾರಿಯೊಂದು ಶಿರಾಡಿಯನ್ನೋ ಅರಬೈಲನ್ನೋ ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಏರುವುದನ್ನು ಕಾಣದವರು ಘಟ್ಟದ ಸೀಮೆಯಲ್ಲಿ ಇರಲಾರರು. ತಿರುವಿನಲ್ಲಿ ಚಾಲಕನು ಗೇರು ಬದಲಿಸಿ ಆಕ್ಸಿಲರೇಟರ್ ತುಳಿದೊಡನೆ ಕರಿಯ ಹೊಗೆಯ ಮೋಡವೊಂದು ಹೊರಬಿದ್ದು, ರಸ್ತೆಯಂಚಿನ ಚಹಾ ಅಂಗಡಿಯನ್ನೂ ಶಾಲೆಗೆ ನಡೆದುಹೋಗುವ ಮಕ್ಕಳನ್ನೂ ಮುಚ್ಚಿಬಿಡುತ್ತದೆ. 2010ಕ್ಕೆ ಮುಂಚೆ ಬಳ್ಳಾರಿಯ ಅದಿರು ಲಾರಿಗಳು ಸಾಲುಗಟ್ಟಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್ ತಿಂಗಳಲ್ಲಿ ಸಾರಿತು.

ಹಾಗೆಂದು ಲಾರಿಯವನನ್ನೇ ಶತ್ರುವೆಂದು ಬಗೆಯುವುದು ಸುಲಭವಾದರೂ ನ್ಯಾಯವಲ್ಲ. ಅಡಿಕೆ, ಶುಂಠಿ, ಜಂಬಿಟ್ಟಿಗೆ, ಗೊಬ್ಬರ ಸಾಗಿಸುವ ಹಳೆಯ ಲಾರಿಯ ಒಡೆಯನು ಬಹುಮಟ್ಟಿಗೆ ಈ ಊರುಗಳವನೇ. ಹೊಸ ಲಾರಿ ಕೊಳ್ಳಲಾರದ ಆತನಿಗೆ ಗ್ಯಾರೇಜಿನಲ್ಲಿ ದೊರೆಯುವ ಉಪದೇಶವೆಂದರೆ, "ಸೈಲೆನ್ಸರ್ ಪೈಪು ದೊಡ್ಡದು ಹಾಕಿಸಿ, ಪಿಕಪ್ ಬರುತ್ತದೆ, ಹೊಗೆ ಹೋಗುತ್ತದೆ" ಎಂಬುದು. ಟರ್ಬೊ ಇರುವ ಹಳೆಯ ಡೀಸೆಲ್ ಲಾರಿಯ ಮಟ್ಟಿಗೆ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಘಟ್ಟ ಏರುವಾಗ ತಿಳಿಯುವುದಿಲ್ಲ, ಇಳಿಯುವಾಗ ತಿಳಿಯುತ್ತದೆ.

ಮೊದಲು ಸತ್ಯವಾದ ಅರ್ಧ. ಟರ್ಬೊ ಎಂಬುದು ಒಂದೇ ದಂಡದ ಎರಡು ತುದಿಗೆ ಕೂಡಿಸಿದ ಎರಡು ಚಕ್ರ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದನ್ನು ತಿರುಗಿಸಿದರೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಹೊಗೆಯ ಚಕ್ರವನ್ನು ತಿರುಗಿಸುವುದು ಅದರ ಹಿಂದಿನ ಒತ್ತಡಕ್ಕೂ ಮುಂದಿನ ಒತ್ತಡಕ್ಕೂ ಇರುವ ಅಂತರ. ಟರ್ಬೊ ದಾಟಿದ ಮೇಲೆ ಕೊಳವೆ ಇಕ್ಕಟ್ಟಾಗಿದ್ದರೆ ಆ ಅಂತರ ಕಡಿಮೆಯಾಗಿ ಚಕ್ರ ನಿಧಾನವಾಗುತ್ತದೆ. "ಹೊಗೆಗೆ ಸ್ವಲ್ಪ ತಡೆ ಇರಲೇಬೇಕು" ಎಂಬ ಹಳೆಯ ಮಾತು ಬೈಕುಗಳ ಕಡೆಯಿಂದ ಬಂದದ್ದು. ಟರ್ಬೊ ನಂತರದ ಕೊಳವೆಗೆ ಅದು ಸಲ್ಲದು.

ಟಾಟಾದ ಹಳೆಯ 697 ಎಂಜಿನ್ನಿನ ಲೆಕ್ಕವನ್ನೇ ನೋಡಬಹುದು. ಹೆಸರಿನಲ್ಲಿಯೇ ಅದರ ಅಳತೆ ಅಡಗಿದೆ: 6 ಸಿಲಿಂಡರು, 97 ಮಿಲಿಮೀಟರ್ ಬೋರು. 128 ಮಿಲಿಮೀಟರ್ ಸ್ಟ್ರೋಕನ್ನು ಸೇರಿಸಿ ಗುಣಿಸಿದರೆ 5675 ಸಿ.ಸಿ. ಎಂದು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಲ್ಲರು. ಎರಡು ಸುತ್ತಿಗೊಮ್ಮೆ ಉಸಿರೆಳೆಯುವ ಈ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಸುಮಾರು 6800 ಲೀಟರ್ ಗಾಳಿ ಬೇಡುತ್ತದೆ. ಟರ್ಬೊ ಅದರ ಒಂದೂವರೆ ಪಟ್ಟು ತುಂಬಿತೆಂದುಕೊಂಡರೆ 10,000 ಲೀಟರಾಯಿತು. ಟರ್ಬೊ ದಾಟಿದ ಹೊಗೆಯು 400 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದ್ದರೆ ಹಿಗ್ಗಿ 22,000 ಲೀಟರನ್ನು ಮೀರುತ್ತದೆ. ಇಷ್ಟೂ ಒಂದು ನಿಮಿಷದಲ್ಲಿ ಕೊಳವೆಯಿಂದ ಹೊರಬೀಳಬೇಕು. 3 ಇಂಚಿನ ಕೊಳವೆಯ ಬಾಯಿಯ ವಿಸ್ತಾರ 7 ಚದರ ಇಂಚು. 4 ಇಂಚಿನದು ಹನ್ನೆರಡೂವರೆ. ತಡೆಯ ಲೆಕ್ಕದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಅಷ್ಟೇ ಹೊಗೆ ನೇರ ಕೊಳವೆಯಲ್ಲಿ ಹರಿಯುವಾಗ ತಡೆಯು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪರಿಣಾಮವಾಗಿ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ, ಹೊಗೆಯ ಬಿಸಿ ತಗ್ಗುತ್ತದೆ. ಟರ್ಬೊಗೆ ಮುಂಚಿನ ಹೊಗೆಯು 700 ಡಿಗ್ರಿ ಮೀರಿ ಬಹಳ ಹೊತ್ತು ನಿಂತರೆ ಪಿಸ್ಟನ್ನಿಗೂ ಟರ್ಬೊಗೂ ಕುತ್ತು. ಉದ್ದನೆಯ ಏರಿನಲ್ಲಿ ಆಗುವುದು ಅದೇ.

ಇನ್ನು ಇಳಿಜಾರಿನ ಮಾತು. ಅನೇಕ ಭಾರಿ ಲಾರಿಗಳಲ್ಲಿ ಟರ್ಬೊಗೂ ಸೈಲೆನ್ಸರಿಗೂ ನಡುವೆ, ಕೊಳವೆಯೊಳಗೆ, ಚಿಟ್ಟೆಯಂತೆ ಮಗುಚುವ ಒಂದು ಕವಾಟವಿರುತ್ತದೆ. ಅದೇ ಎಕ್ಸಾಸ್ಟ್ ಬ್ರೇಕು. ಚಾಲಕನು ಅದನ್ನು ಹಾಕಿದೊಡನೆ ಡೀಸೆಲ್ ನಿಲ್ಲುತ್ತದೆ, ಕವಾಟ ಮುಚ್ಚುತ್ತದೆ. ಹೊರಹೋಗಲು ದಾರಿಯಿಲ್ಲದ ಗಾಳಿಯನ್ನು ಪಿಸ್ಟನ್ನುಗಳು ಒತ್ತಬೇಕಾಗಿ ಬಂದು, ಎಂಜಿನ್ನೇ ಲಾರಿಯನ್ನು ಹಿಡಿದೆಳೆಯುತ್ತದೆ. ಹೊಸ ಕೊಳವೆ ಕೂಡಿಸುವಾಗ ಈ ಕವಾಟವು ಅಡ್ಡವೆಂದು ತೋರುವುದು ಸಹಜ. ಹಲವು ಲಾರಿಗಳಲ್ಲಿ ಅದು ತುಕ್ಕು ಹಿಡಿದು ಆಗಲೇ ಕೆಲಸ ಬಿಟ್ಟಿರುತ್ತದೆ. ತೆಗೆದು ಮೂಲೆಗೆಸೆದು ನೇರ ಕೊಳವೆ ಬೆಸೆದುಬಿಟ್ಟರೆ ಗ್ಯಾರೇಜಿನವನಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಅದರ ಬೆಲೆಯನ್ನು ಬಚ್ಚಲ ಹಂಡೆಯ ಲೆಕ್ಕದಲ್ಲಿ ಹೇಳಬಹುದು. 16 ಟನ್ನಿನ ಲಾರಿಯು ವೇಗ ಹೆಚ್ಚಿಸಿಕೊಳ್ಳದೆ 500 ಮೀಟರ್ ಎತ್ತರದಿಂದ ಇಳಿಯಬೇಕಾದರೆ ಸುಮಾರು 78 ಮೆಗಾಜೂಲ್ ಶಕ್ತಿಯನ್ನು ಎಲ್ಲಿಯಾದರೂ ಶಾಖವಾಗಿ ಕಳೆಯಲೇಬೇಕು. 230 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಏರಿಸುವ ಶಾಖವಿದು. ಎಕ್ಸಾಸ್ಟ್ ಬ್ರೇಕು ಇದ್ದರೆ ಅದರ ದೊಡ್ಡ ಪಾಲು ಎಂಜಿನ್ನಿನ ಮೂಲಕ, ರೇಡಿಯೇಟರಿನ ಮೂಲಕ ಹೋಗುತ್ತದೆ. ಇಲ್ಲವಾದರೆ ಚಕ್ರಗಳ ಬ್ರೇಕು ಡ್ರಮ್ಮುಗಳೇ ಆ ಹಂಡೆ. ಡ್ರಮ್ಮು ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತ ಸಡಿಲುತ್ತದೆ, ಚಾಲಕನು ಮತ್ತೆ ಮತ್ತೆ ತುಳಿದಂತೆ ಗಾಳಿ ಟ್ಯಾಂಕಿನ ಒತ್ತಡವೂ ಇಳಿಯುತ್ತದೆ. ಸುಟ್ಟ ಲೈನರಿನ ವಾಸನೆ ಘಟ್ಟದ ಬುಡದ ಊರಿನವರಿಗೆ ಪರಿಚಿತವೇ. ಕೊಳವೆಯ ಕೆಲಸದಲ್ಲಿ ಬೇರೇನನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ: ಕವಾಟ ಇದ್ದಲ್ಲಿಯೇ ಇರಬೇಕು, ಕೆಲಸ ಮಾಡಬೇಕು.

ಅದರ ಬಾಯಿ ಚಿಕ್ಕದೆಂಬ ಚಿಂತೆ ಬೇಡ. ತಡೆ ಹೆಚ್ಚಾಗಿ ಇರುವುದು ಉದ್ದನೆಯ ಕೊಳವೆಯಲ್ಲಿಯೂ ತಿರುವುಗಳಲ್ಲಿಯೂ. ಕವಾಟವನ್ನು ಮೂಲ ಅಳತೆಯಲ್ಲಿಯೇ ಉಳಿಸಿ, ಅದರ ನಂತರ ಕಹಳೆಯಂತೆ ಕ್ರಮವಾಗಿ ಅಗಲವಾಗುವ ತುಂಡೊಂದನ್ನು ಬೆಸೆದು 4 ಇಂಚಿಗೆ ಹೋದರೆ ಲಾಭದ ಬಹುಪಾಲು ದೊರೆಯುತ್ತದೆ. ಕವಾಟದ ತಟ್ಟೆಯಲ್ಲಿರುವ ಸಣ್ಣ ರಂಧ್ರವನ್ನು ಯಾರೂ ಮುಚ್ಚಿಸಬಾರದು. ಒತ್ತಡ ಮಿತಿ ಮೀರಿ ಎಂಜಿನ್ನಿನ ವಾಲ್ವುಗಳು ತಾವಾಗಿ ತೆರೆದುಕೊಳ್ಳದಂತೆ ನೋಡಿಕೊಳ್ಳುವುದು ಆ ರಂಧ್ರ.

ಹೊಗೆಯೇ ಮುಖ್ಯ ಚಿಂತೆಯಾದವರು ಕೊಳವೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಕರಿಹೊಗೆ ಎಂದರೆ ಗಾಳಿಗೆ ಮೀರಿದ ಡೀಸೆಲ್. ಕೆಮ್ಮಣ್ಣಿನ ರಸ್ತೆಯಲ್ಲಿ ಓಡುವ ಲಾರಿಯ ಏರ್ ಫಿಲ್ಟರು ಕಟ್ಟಿಕೊಂಡಿದ್ದರೆ, ನಾಜಲ್ಲುಗಳು ಡೀಸೆಲನ್ನು ಸಿಂಪಡಿಸದೆ ತೊಟ್ಟಿಕ್ಕುತ್ತಿದ್ದರೆ, ಟರ್ಬೊದಿಂದ ಬರುವ ಗಾಳಿಯ ರಬ್ಬರ್ ಹೋಸು ಸೀಳಿದ್ದರೆ, ಎಷ್ಟು ದೊಡ್ಡ ಕೊಳವೆಯಾದರೂ ಅದು ಹೊಗೆಗೆ ರಾಜಮಾರ್ಗವಾದೀತೇ ಹೊರತು ಮದ್ದಾಗದು. ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವಿನ ಗ್ಯಾಸ್ಕೆಟ್ ಬಳಿ ಕರಿಯ ಮಸಿಯ ಗೆರೆ ಕಂಡರೆ ಅಲ್ಲಿ ಸೋರಿಕೆಯಿದೆ ಎಂದರ್ಥ. ಚಕ್ರ ತಿರುಗಿಸಬೇಕಾದ ಹೊಗೆ ಅಲ್ಲಿಯೇ ಪೋಲಾಗುತ್ತದೆ, ಎಕ್ಸಾಸ್ಟ್ ಬ್ರೇಕಿನ ಹಿಡಿತವೂ ಸಡಿಲುತ್ತದೆ. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುವ ಗುರುತು. ಅದಕ್ಕೂ ಕೊಳವೆಗೂ ಸಂಬಂಧವೇ ಇಲ್ಲ. ಎಲ್ಲಕ್ಕಿಂತ ಕೆಡುಕೆಂದರೆ, ಕೊಳವೆ ಹಾಕಿಸಿದ ಉತ್ಸಾಹದಲ್ಲಿ ಪಂಪಿನಲ್ಲಿ ಡೀಸೆಲ್ ಜಾಸ್ತಿ ಮಾಡಿಸುವುದು. ಗಳಿಸಿದ್ದೆಲ್ಲ ಆ ಒಂದು ಸ್ಕ್ರೂವಿನಲ್ಲಿ ಹೋಗುತ್ತದೆ. ಬಿ.ಎಸ್. 4ಕ್ಕಿಂತ ಹಳೆಯ ಡೀಸೆಲ್ ವಾಹನಕ್ಕೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಮಾನ. ಕೆಲಸಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆಸಿದರೆ ಹಣ ಎಲ್ಲಿಗೆ ಹೋಯಿತೆಂಬುದು ಅಂಕಿಯಲ್ಲಿಯೇ ಕಾಣುತ್ತದೆ.

ಸೈಲೆನ್ಸರನ್ನೇ ಕಿತ್ತುಹಾಕುವುದು ಸುಧಾರಣೆಯಲ್ಲ, ಅಪರಾಧ. ಮೋಟಾರು ವಾಹನ ಕಾಯ್ದೆಯ 190ನೆಯ ಕಲಮಿನಡಿ, 2019ರ ತಿದ್ದುಪಡಿಯ ಬಳಿಕ, ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸೆರೆ. ರಂಧ್ರಗಳುಳ್ಳ ನೇರ ನಳಿಕೆಯ ಸುತ್ತ ಗಾಜಿನ ಉಣ್ಣೆ ತುಂಬಿದ ಸೈಲೆನ್ಸರು ಹೊಗೆಯನ್ನು ತಡೆಯದೆ ಸದ್ದನ್ನು ಇಳಿಸುತ್ತದೆ; ತುಸು ದೊಡ್ಡದನ್ನೇ ಹಾಕಿಸಬಹುದು. ಹೊಸ ಲಾರಿಗಳಲ್ಲಿ, ಅದರಲ್ಲಿಯೂ 2020ರ ಏಪ್ರಿಲ್ ನಂತರದ ಬಿ.ಎಸ್. 6 ಲಾರಿಗಳಲ್ಲಿ, ಮಸಿ ಹಿಡಿಯುವ ಫಿಲ್ಟರು ಕೊಳವೆಯ ಸಾಲಿನಲ್ಲಿಯೇ ಇರುತ್ತದೆ. ಅವುಗಳಿಗೆ ಈ ಮಾತುಗಳಾವುವೂ ಅನ್ವಯಿಸವು. ಅಮೆರಿಕದಲ್ಲಿ ಇಂಥ ಸಾಧನಗಳನ್ನು ಕಿತ್ತ ಡೀಸೆಲ್ ಪಿಕಪ್ಪುಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷವನ್ನು ಮೀರಿತೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಅಂದಾಜಿಸಿತು. ಬೇಕೆಂದೇ ಕರಿಹೊಗೆ ಉಗುಳಿಸುವ ಮೋಜೂ ಅಲ್ಲುಂಟು. ಬಡತನದಿಂದ ಬರುವ ಹೊಗೆಗೆ ಒಂದು ಕಾರಣವಾದರೂ ಇದೆ.

ಕೊಳವೆ ಮಾಡಿಸುವಾಗ ತಿರುವುಗಳನ್ನು ಕಣ್ಣಾರೆ ನೋಡಬೇಕು. ಬಗ್ಗಿಸಿದಲ್ಲಿ ನುಗ್ಗಾದ 4 ಇಂಚಿನ ಕೊಳವೆ ಅಲ್ಲಿ ಮೂರೂವರೆ ಇಂಚೂ ಇರಲಾರದು. ಮಲೆನಾಡಿನ ಮಳೆಗೆ ಬರಿ ಕಬ್ಬಿಣದ ಕೊಳವೆ ಬೇಗ ತೂತಾಗುತ್ತದೆ. ಅಲ್ಯುಮಿನಿಯಂ ಲೇಪಿಸಿದ ಉಕ್ಕು ಅಥವಾ 409 ದರ್ಜೆಯ ಸ್ಟೇನ್‌ಲೆಸ್ ಹೆಚ್ಚು ಕಾಲ ಬಾಳುತ್ತದೆ. ಡೀಸೆಲ್ ಪೈಪಿಗೂ ಕೊಳವೆಗೂ ನಡುವೆ ಕನಿಷ್ಠ 35 ಮಿಲಿಮೀಟರ್ ಅಂತರವಿರಬೇಕೆಂದು ನಿಯಮವೇ ಇದೆ. 3 ಮೀಟರ್ ಉದ್ದದ ಉಕ್ಕಿನ ಕೊಳವೆಯು 300 ಡಿಗ್ರಿ ಬಿಸಿಯೇರಿದಾಗ ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಆದುದರಿಂದ ಛಾಸಿಗೆ ಬಿಗಿಯಾಗಿ ಬೆಸೆಯದೆ ರಬ್ಬರ್ ಹಿಡಿಕೆಗಳಲ್ಲಿ ತೂಗುಹಾಕಿ, ಟರ್ಬೊ ನಂತರ ಮಡಿಕೆಗಳುಳ್ಳ ಬಾಗುವ ತುಂಡೊಂದನ್ನು ಇಡಬೇಕು. ಇಲ್ಲದಿದ್ದರೆ ಭಾರವೆಲ್ಲ ಟರ್ಬೊದ ಮೇಲೆ ಬಿದ್ದು ಅದರ ಫ್ಲೇಂಜ್ ಬಿರಿಯುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ಲಾರಿಯನ್ನು ಸಣ್ಣದೊಂದು ಇಳಿಜಾರಿನಲ್ಲಿ ಇಳಿಸಿ, ಎಕ್ಸಾಸ್ಟ್ ಬ್ರೇಕು ಹಿಡಿಯುವುದನ್ನು ಚಾಲಕನು ತಾನೇ ಕಂಡುಕೊಂಡ ನಂತರವೇ ಲೋಡು ಹಾಕಬೇಕು. ಕೆಲವು ಟ್ರಿಪ್ಪುಗಳಾದ ಮೇಲೆ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿದು, ಜೋಡಣೆಗಳ ಬಳಿ ಮಸಿಯ ಗೆರೆ ಮೂಡಿದೆಯೇ ಎಂದು ಕ್ಲೀನರನು ಟಾರ್ಚು ಹಿಡಿದು ನೋಡಿದರೆ ಸಾಕು.