ಬೆರಳಿನ ಕಪ್ಪು ಕಲೆ

ಇಂದು ರಸಾಯನಶಾಸ್ತ್ರದ ಬಿಎಸ್ಸಿ ಪದವಿ ಪಡೆಯುತ್ತಿರುವ ವಿದ್ಯಾರ್ಥಿಗಳೇ,

ಸಾಲ್ಟ್ ಅನಾಲಿಸಿಸ್ ಮಾಡುವಾಗ ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾದ ಬೆರಳನ್ನು ನೀವೆಲ್ಲ ಒಂದಲ್ಲ ಒಂದು ದಿನ ಮನೆಗೆ ಕೊಂಡೊಯ್ದಿರುತ್ತೀರಿ. ಎಷ್ಟು ಉಜ್ಜಿದರೂ ಹೋಗಿರುವುದಿಲ್ಲ. ಚುನಾವಣೆಯ ದಿನ ಈ ದೇಶ ಸಾಲಾಗಿ ನಿಂತು ಹಾಕಿಸಿಕೊಳ್ಳುವುದೂ ಅದೇ ಕಲೆಯನ್ನೇ. ಎಡಗೈ ತೋರುಬೆರಳಿಗೆ ಬೀಳುವ ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಆರಂಭವಾದ ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಅದನ್ನು ಪೂರೈಸುತ್ತ ಬಂದಿದೆ. ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನೊಂದಿಗೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ, ಸೋಪು ನೀರಿಗೆ ಜಗ್ಗುವುದಿಲ್ಲ. ಒಬ್ಬರಿಗೆ ಒಂದೇ ಮತ ಎಂಬ ಮಾತಿಗೆ ಕಾವಲು ನಿಂತಿರುವುದು ನೀವು ಪರೀಕ್ಷಾ ನಳಿಕೆಗೆ ಹನಿಹನಿಯಾಗಿ ಬಿಟ್ಟ ಆ ದ್ರಾವಣ.

ಇಷ್ಟಾದರೂ ನಿಮ್ಮನ್ನು ಒಂದು ಪ್ರಶ್ನೆ ಬಿಟ್ಟಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನೆಂಟರ ಜಗಲಿಯಲ್ಲಿ: "ಬಿಎಸ್ಸಿನಾ? ಇಂಜಿನಿಯರಿಂಗ್ ಸೀಟು ಸಿಗಲಿಲ್ವಾ? ಇದನ್ನ ಓದಿ ಏನ್ ಕೆಲಸ ಸಿಗುತ್ತೆ?" ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿದ ನನ್ನನ್ನೂ ಮೂರು ವರ್ಷ ಹೀಗೇ ಕೇಳಿದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಔಷಧ ಕಾರ್ಖಾನೆಗಳ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಕಳೆದ ಮೇಲೆ ಇವತ್ತು ಒಂದು ಉತ್ತರವಿದೆ. ಕಂಡ ಅಂಕಿಯನ್ನು ಕಂಡ ಹಾಗೇ ಬರೆದು, ಕೆಳಗೆ ಸಹಿ ಹಾಕಬಲ್ಲವರಿಗೆ ಈ ನಾಡಿನಲ್ಲಿ ಕೆಲಸವಿದೆ. ರಸಾಯನಶಾಸ್ತ್ರದ ಪದವಿ ಕಲಿಸುವುದು ಅದನ್ನು. ಕಲಿತಿದ್ದೀರಾ ಎಂಬುದನ್ನು ನಿಮ್ಮ ಅಂತರಂಗವನ್ನೇ ಕೇಳಿಕೊಳ್ಳಿ.

ಏಕೆಂದರೆ ಲ್ಯಾಬಿನಲ್ಲಿ ನಡೆಯುವುದೇನೆಂದು ನಾನೂ ಬಲ್ಲೆ. ಬ್ಯೂರೆಟ್ ರೀಡಿಂಗು ಮೊದಲ ಸಲ 9.6, ಎರಡನೆಯ ಸಲ 10.1 ಬರುತ್ತದೆ. ಮೂರನೆಯದಕ್ಕೆ ಹೊತ್ತಿಲ್ಲ. ಸೀನಿಯರ್‌ಗಳ ರೆಕಾರ್ಡಿನಲ್ಲಿ 9.8 ಎಂದಿದೆ. ನಾವೂ ಮೂರು ಸಲ 9.8 ಎಂದು ಬರೆದು ಮುಗಿಸುತ್ತೇವೆ. ನಾನು ಹಾಗೆ ಬರೆದಿದ್ದೇನೆ, ಅದಕ್ಕೆ ಪೂರ್ತಿ ಅಂಕವನ್ನೂ ಪಡೆದಿದ್ದೇನೆ. ಅದು ತಪ್ಪೆಂದು ನನಗೆ ಗೊತ್ತಾದದ್ದು ಜಿಗಣಿಯ ಔಷಧ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿದ ಎರಡನೇ ತಿಂಗಳು.

ಮಾತ್ರೆಗೆ ಬಳಸುವ ಒಂದು ಕಚ್ಚಾವಸ್ತುವಿನ ಟೈಟ್ರೇಷನ್ ಕೊಟ್ಟಿದ್ದರು. ಕನಿಷ್ಠ ಶೇಕಡಾ 99 ಇರಬೇಕು, ನನಗೆ 97.8 ಬಂತು. ಕೈ ನಡುಗಿತು. "ಸರಿ ಬರೋ ತನಕ ಮಾಡಮ್ಮ" ಎಂದರು ಒಬ್ಬ ಮೇಲಿನವರು. ಪಕ್ಕದ ಟೇಬಲ್ಲಿನಲ್ಲಿದ್ದ ಅಕ್ಕ, ಆಕೆಯೂ ಬರೀ ಬಿಎಸ್ಸಿ, ಎದ್ದು ಬಂದು ನನ್ನ ನೋಟ್‌ಬುಕ್ ನೋಡಿ ಹೇಳಿದರು: "ಬಂದಿದ್ದು ಬರಿ. ಯಾಕೆ ಬಂತು ಅಂತ ಆಮೇಲೆ ಹುಡುಕೋಣ." ಹುಡುಕಿದೆವು. ಕಾರ್ಲ್ ಫಿಷರ್ ಉಪಕರಣಕ್ಕೆ ಹಾಕಿದಾಗ ಪುಡಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ನೀರು ಸಿಕ್ಕಿತು. ಡ್ರಮ್ಮಿನ ಒಳಚೀಲ ಹರಿದು ತೇವ ಹೀರಿಕೊಂಡಿತ್ತು. ಆ ಸರಕು ವಾಪಸ್ ಹೋಯಿತು. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ನಾನು 99.1 'ತಂದಿದ್ದರೆ' ಅದು ಯಾರದೋ ಮನೆಯ ಮಾತ್ರೆಯಾಗುತ್ತಿತ್ತು.

ಔಷಧ ಕಾರ್ಖಾನೆಯ ನೋಟ್‌ಬುಕ್ಕಿನಲ್ಲಿ ವೈಟ್‌ನರ್ ಇಲ್ಲ, ರಬ್ಬರ್ ಇಲ್ಲ. ತಪ್ಪಿದರೆ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಬರೆಯದೇ ಇದ್ದದ್ದು ಮಾಡದೇ ಇದ್ದ ಹಾಗೆ. ನಿಮ್ಮ ಕಾಲೇಜಿನಲ್ಲಿ ಎಚ್‌ಪಿಎಲ್‌ಸಿ ಉಪಕರಣ ಇಲ್ಲವೆಂದು ಹೆದರಬೇಡಿ. ಬಟನ್ ಒತ್ತುವುದನ್ನು ಕಂಪನಿ ಒಂದು ತಿಂಗಳಲ್ಲಿ ಕಲಿಸುತ್ತದೆ. ಈ ಅಭ್ಯಾಸ ಮಾತ್ರ ಇಲ್ಲಿಂದಲೇ ಬರಬೇಕು. ಇಂಟರ್‌ವ್ಯೂನಲ್ಲಿ ನಾನು ಮೊದಲು ಕೇಳುವುದೂ ಇದನ್ನೇ: ನಿಮ್ಮ ಮೂರು ರೀಡಿಂಗು ಒಂದೇ ಥರ ಬರದಿದ್ದಾಗ ಏನು ಮಾಡಿದಿರಿ?

ಸಂಬಳದ ಮಾತನ್ನು ಮುಚ್ಚಿಡುವುದಿಲ್ಲ. ಮೊದಲೆರಡು ವರ್ಷ ಕಡಿಮೆ. ಶಿಫ್ಟು ಇರುತ್ತದೆ, ರಾತ್ರಿಪಾಳಿಯೂ ಇರಬಹುದು. ಸಾಫ್ಟ್‌ವೇರಿಗೆ ಹೋದ ಗೆಳೆಯರ ಮುಂದೆ ಮನಸ್ಸು ಚಿಕ್ಕದಾಗುತ್ತದೆ. ಆದರೆ ನಮ್ಮ 1945ರ ಔಷಧ ನಿಯಮಗಳಲ್ಲಿ ನಿಮಗಾಗಿಯೇ ಬರೆದಂಥ ಒಂದು ಮಾತಿದೆ. ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿ ಓದಿದ ವಿಜ್ಞಾನ ಪದವೀಧರರು, ಔಷಧ ತಯಾರಿಕೆಯಲ್ಲಿ ಮೂರು ವರ್ಷದ ಅನುಭವ ಪಡೆದರೆ, ತಯಾರಿಕೆಯ ಹೊಣೆ ಹೊರುವ ತಾಂತ್ರಿಕ ಸಿಬ್ಬಂದಿಯಾಗಲು ಅರ್ಹರು. ಬಿಫಾರ್ಮ್ ಆದವರಿಗೆ ಹದಿನೆಂಟು ತಿಂಗಳು ಸಾಕು, ನಿಮಗೆ ಮೂರು ವರ್ಷ. ಆ ಮೂರು ವರ್ಷವನ್ನು ಕಂಪನಿಯಿಂದ ಕಂಪನಿಗೆ ಹಾರುತ್ತ ಕಳೆಯಬೇಡಿ, ಒಂದು ಕಡೆ ನಿಂತು ಕೆಲಸ ಕಲಿಯಿರಿ.

ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆಯ ಮಕ್ಕಳಿಗೆ ಇನ್ನೊಂದು ಲ್ಯಾಬು ಊರ ಪಕ್ಕದಲ್ಲೇ ಇದೆ. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಎಂದರೆ ದೊಡ್ಡ ಮಾತು. ಕಬ್ಬಿನ ಹಾಲು ಹುಳಿ ಗುಣದ್ದು. ಹಾಗೇ ಕಾಯಿಸಿದರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಸಕ್ಕರೆ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಸುಣ್ಣದ ಹಾಲು ಬೆರೆಸುತ್ತಾರೆ, ಅದು ಹೆಚ್ಚಾದರೆ ರಸ ಕಪ್ಪಾಗುತ್ತದೆ. ಸುಣ್ಣ, ಗಂಧಕದ ಹೊಗೆ ಎರಡನ್ನೂ ತೂಗಿ ಪಿಎಚ್ ಏಳರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುವವರು ನೀವು. ಇದಕ್ಕಿಂತ ದೊಡ್ಡದು ಕಬ್ಬಿನಿಂದ ಸಿಗುವ ಸಕ್ಕರೆ ಇಳುವರಿಯ ಅಂಕಿ. ಈಚಿನ ವರ್ಷಗಳಲ್ಲಿ ರೈತನಿಗೆ ಸಲ್ಲಬೇಕಾದ ಕಬ್ಬಿನ ಬೆಲೆ, ಎಫ್‌ಆರ್‌ಪಿ, ನಿಗದಿಯಾಗುವುದು ಶೇಕಡಾ 10.25 ಇಳುವರಿಯ ಲೆಕ್ಕದಲ್ಲಿ. ಅದರ ಮೇಲೆ ಪ್ರತಿ 0.1ಕ್ಕೂ ರೈತನಿಗೆ ಹೆಚ್ಚಿನ ಹಣ. ದಶಾಂಶ ಚುಕ್ಕೆಯ ಆಚೆಯ ಒಂದು ಅಂಕಿಯಲ್ಲಿ ನಿಮ್ಮಪ್ಪನ, ನಿಮ್ಮ ಚಿಕ್ಕಪ್ಪನ ವರ್ಷದ ದುಡಿಮೆ ಇರುತ್ತದೆ. ಈ ದಾರಿ ಹಿಡಿಯುವವರು ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯ ಕೋರ್ಸುಗಳನ್ನು ಒಮ್ಮೆ ವಿಚಾರಿಸಿ.

ಹಾಲಿನ ಡೈರಿ, ಬಣ್ಣ, ಗೊಬ್ಬರ, ಮಣ್ಣು ಪರೀಕ್ಷೆ, ಬಿ.ಎಡ್. ಮಾಡಿ ಹೈಸ್ಕೂಲು ಮೇಷ್ಟ್ರ ಕೆಲಸ, ಇವೆಲ್ಲ ನಿಮಗೆ ಗೊತ್ತಿರುವವೇ. ಬೇರೇನೂ ಸಿಗಲಿಲ್ಲವೆಂದು ಮಾತ್ರ ಮೇಷ್ಟ್ರಾಗಬೇಡಿ. ನಮ್ಮ ಮಕ್ಕಳಿಗೆ ಪೀರಿಯಾಡಿಕ್ ಟೇಬಲ್ ಕಂಡರೆ ಭಯ ಹುಟ್ಟಿರುವುದು ಅಂಥ ತರಗತಿಗಳಲ್ಲಿ.

ಇನ್ನು ಓದುವ ಹಂಬಲ ಇರುವವರಿಗೆ. ರಸಾಯನಶಾಸ್ತ್ರಜ್ಞ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿಎಸ್ಸಿ ಪಡೆದಾಗ ಅವರಿಗೆ ಹದಿನೇಳು ವರ್ಷ. ಭಾರತ ರತ್ನಕ್ಕೆ ಹೋದ ದಾರಿ ಇದೇ ಪದವಿಯಿಂದ ಹೊರಟಿತ್ತು. ಇಂದು ಬಿಎಸ್ಸಿ ಆದವರು ಜ್ಯಾಮ್ ಪರೀಕ್ಷೆ ಬರೆದು ಐಐಟಿಗಳ ಎಂಎಸ್ಸಿಗೆ ಹೋಗಬಹುದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೇರವಾಗಿ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಸೇರಬಹುದು. ಹೆಣ್ಣುಮಕ್ಕಳೇ, ಅದೇ ಸಂಸ್ಥೆ 1933ರಲ್ಲಿ ಕಮಲಾ ಸೋಹೋನಿ ಎಂಬ ಬಿಎಸ್ಸಿ ಹುಡುಗಿಗೆ, ಹೆಣ್ಣೆಂಬ ಒಂದೇ ಕಾರಣಕ್ಕೆ, ಮೊದಲು ಪ್ರವೇಶ ನಿರಾಕರಿಸಿತ್ತು. ಆಕೆ ಹಟ ಹಿಡಿದು, ಷರತ್ತುಗಳನ್ನು ಒಪ್ಪಿ ಒಳಹೊಕ್ಕು, ಮುಂದೆ 1939ರಲ್ಲಿ ಕೇಂಬ್ರಿಡ್ಜಿನ ಪಿಎಚ್‌ಡಿ ಪಡೆದರು. ಇಂದು ಆ ಗೇಟಿನಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ಮನೆಯ ಬಾಗಿಲಲ್ಲಿ ತಡೆಯಬಹುದು. ಇಲ್ಲಿ ಕೂತಿರುವ ಅಪ್ಪಂದಿರಲ್ಲಿ ಕೈಮುಗಿದು ಕೇಳುತ್ತೇನೆ: ಎರಡು ವರ್ಷ ಕೊಡಿ ಈ ಮಕ್ಕಳಿಗೆ.

ಕೊನೆಯಲ್ಲಿ ನನ್ನ ಊರಿನ ಮಾತು. ನಮ್ಮದು ಪಾವಗಡದ ಕಡೆಯ ಹಳ್ಳಿ. ನನ್ನ ಹಲ್ಲುಗಳ ಮೇಲೆ ಕಂದು ಪಟ್ಟೆ ಇರುವುದು ಮುಂದಿನ ಸಾಲಿನವರಿಗೆ ಕಾಣುತ್ತಿರಬಹುದು. ನಮ್ಮೂರಲ್ಲಿ ಎಲ್ಲರಿಗೂ ಇತ್ತು, ನೀರಿನ ಗುಣ ಎನ್ನುತ್ತಿದ್ದರು. ಅದು ನೀರಿನ ಫ್ಲೋರೈಡಿನ ಕೆಲಸವಿರಬಹುದೆಂದು ಅನಿಸಿ, ಕೆಲಸಕ್ಕೆ ಸೇರಿದ ಮೂರನೇ ವರ್ಷ ಊರಿನ ಕೊಳವೆಬಾವಿಯ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡು ಜಿಲ್ಲೆಯ ನೀರು ಪರೀಕ್ಷಾ ಲ್ಯಾಬಿಗೆ ಹೋದೆ. ಗಾಜಿನ ಬಾಟಲಿ ಬೇಡ, ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ ಎಂಬುದು ಬಿಎಸ್ಸಿಯಲ್ಲಿ ಕಲಿತದ್ದು. ಅಲ್ಲಿದ್ದ ಕೆಮಿಸ್ಟ್ ನನ್ನದೇ ವಯಸ್ಸಿನ ಹುಡುಗಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ಆಕೆಗೆ 3.1 ಬಂತು. ಇನ್ನೊಮ್ಮೆ ನೋಡಿದಳು. 3.1 ಎಂದೇ ಬರೆದು, ಸಹಿ ಹಾಕಿ ಕೊಟ್ಟಳು.

ಆ ಹಾಳೆ ಹಿಡಿದು ಅಪ್ಪ ಪಂಚಾಯ್ತಿಗೆ ಎಷ್ಟು ಸಲ ಅಲೆದರೋ ಲೆಕ್ಕವಿಲ್ಲ. ಬಾಯಿಮಾತಿಗೆ ಅಲುಗದಿದ್ದ ಕಡತ ಆ ಅಂಕಿಗೆ ಅಲುಗಿತು. ಒಂದೂವರೆ ವರ್ಷದ ಮೇಲೆ ಶುದ್ಧ ನೀರಿನ ಘಟಕ ಬಂತು. ನನ್ನ ತಂಗಿಯ ಮಗಳಿಗೆ ಈಗ ಏಳು ವರ್ಷ. ಹಾಲುಹಲ್ಲು ಬಿದ್ದು ಮುಂದಿನೆರಡು ಹೊಸ ಹಲ್ಲು ಬಂದಿವೆ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಬಾಯಿ ತೆರೆಸಿ ನೋಡಿದೆ. ಬೆಳ್ಳಗಿವೆ.