ಹೊಸ ಬ್ರೇಕ್ ಪಳಗಿಸೋಣ



ಕಾರಿಗೆ ಹೊಸ ಬ್ರೇಕ್ ಪ್ಯಾಡ್, ಡಿಸ್ಕ್ ಹಾಕಿಸಿದರೆ ಅವನ್ನು ಪಳಗಿಸಬೇಕು. ಬಿಸಿಯಾದಾಗ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮವಾಗಿ ಕೂರಬೇಕು. ಅಲ್ಲಲ್ಲಿ ದಪ್ಪಗೆ ಅಂಟಿದರೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ‘ಡಿಸ್ಕ್ ಸೊಟ್ಟಗಾಗಿದೆ ಮೇಡಂ’ ಎನ್ನುವುದು ಎಷ್ಟೋ ಸಲ ಇದನ್ನೇ.

ಪ್ಯಾಡ್ ಕಂಪನಿಯ ಸೂಚನೆ ಇದ್ದರೆ ಅದೇ ಅಂತಿಮ. ಸಾಮಾನ್ಯ ಕ್ರಮ ಹೀಗಿದೆ: ಬೆಳಗಿನ ಹೊತ್ತು, ಹಿಂದೆ ವಾಹನವಿಲ್ಲದ ಖಾಲಿ ರಸ್ತೆಯಲ್ಲಿ ವೇಗವನ್ನು 50 ಕಿ.ಮೀ.ನಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಸ್ವಲ್ಪ ಓಡಿಸುತ್ತಾ 8–10 ಸಲ ಮಾಡಿ. ಆಮೇಲೆ ಬ್ರೇಕ್ ಆದಷ್ಟು ಮುಟ್ಟದೆ ಹತ್ತು ನಿಮಿಷ ಓಡಿಸಿ, ತಣಿಯಲಿ. ನಮ್ಮ ಔಟರ್ ರಿಂಗ್ ರೋಡಿನ ಮುಖ್ಯ ರಸ್ತೆಯಲ್ಲಿ ಇದು ಬೇಡ, ಅಪಾಯ. ಬಿಸಿ ಬ್ರೇಕಿನಲ್ಲೇ ಅಮೀರ್‌ಪೇಟೆ ಸಿಗ್ನಲ್ಲಿಗೆ ಬಂದು ಪೆಡಲ್ ಒತ್ತಿಹಿಡಿದು ನಿಂತರೆ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತದೆ.

ನಡುಕ ಹೋಗದಿದ್ದರೆ ಡಿಸ್ಕ್ ಬದಲಿಸಲು ಒಪ್ಪುವ ಮುನ್ನ ‘ಅಳೆದು ತೋರಿಸಿ’ ಎಂದು ಕೇಳಿ. ಕೇಳುವುದು ನಮ್ಮ ಹಕ್ಕು.