ಪಶು ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ವಿಳಾಸ



ಮಲೆನಾಡಿನ ಪಶು ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಅತ್ಯಂತ ಅವಸರದಿಂದ ತುಂಬುವ ಅಂಕಣ ವಿಳಾಸದ್ದು. ಹೆಸರು, ಊರು ಬರೆದರೆ ಮುಗಿಯಿತು. ಬಯಲುಸೀಮೆಯ ಒತ್ತಾದ ಊರಿಗೆ ಅದು ಸಾಕಾದೀತು. ಮಲೆನಾಡಿನಲ್ಲಿ ಒಂದೇ ಕಂದಾಯ ಗ್ರಾಮದ ಮನೆಗಳು ಹಲವು ಮಜರೆಗಳಾಗಿ ಗುಡ್ಡದ ಆಚೀಚೆ ಚದುರಿರುತ್ತವೆ. ಒಂದೇ ಹೆಸರಿನವರು ಮೂವರಿರುವುದೂ ಅಪರೂಪವಲ್ಲ.

ಔಷಧ ಕೊಡಲು ವಿಳಾಸ ಬೇಕಿಲ್ಲ, ನಿಜ. ಅದರ ಅಗತ್ಯ ತಿಳಿಯುವುದು ಅನಂತರ. ರೇಬೀಸ್ ತಗುಲಿದ ಹಸು ಮೊದಲಿಗೆ ಮೇವು ಬಿಟ್ಟು ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಮನೆಯವರು ಬಾಯಿಗೆ ಕೈ ಹಾಕುತ್ತಾರೆ, ನೆರೆಯವರು ಹಿಡಿದುಕೊಳ್ಳುತ್ತಾರೆ. ಹಸು ಸತ್ತು, ಮೆದುಳಿನ ಪರೀಕ್ಷೆಯಿಂದ ರೋಗ ಖಚಿತವಾದಾಗ ಆ ಎಲ್ಲರಿಗೂ ಕೂಡಲೇ ಲಸಿಕೆ ಬೇಕು. ಮನುಷ್ಯನಲ್ಲಿ ಲಕ್ಷಣ ಕಾಣಿಸಿದ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಆ ಹೊತ್ತಿನಲ್ಲಿ ಬರಿಯ ಗ್ರಾಮದ ಹೆಸರು ಹಿಡಿದು ಹುಡುಕುವವರು ಯಾವ ಕಾಲುದಾರಿ ಹಿಡಿಯಬೇಕು? ಮಜರೆ, ಮನೆಯ ಹೆಸರು, ಹತ್ತಿರದ ಸಂಕ ಅಥವಾ ಶಾಲೆ, ಸಂಪರ್ಕ ಸಿಗದ ಕಡೆ ಹಾಲಿನ ಸೊಸೈಟಿಯ ದೂರವಾಣಿ, ಇಷ್ಟಾದರೂ ಪುಸ್ತಕದಲ್ಲಿರಬೇಕು.

ದನದ ಕಿವಿಯೋಲೆಯಲ್ಲಿ 12 ಅಂಕಿಗಳ ಸಂಖ್ಯೆ ಇದೆಯಲ್ಲ ಎನ್ನಬಹುದು. ಆದರೆ ದನ ಮಾರಾಟವಾದದ್ದನ್ನು ತಿಳಿಸದಿದ್ದರೆ ಆ ಸಂಖ್ಯೆ ಹಳೆಯ ಕೊಟ್ಟಿಗೆಯನ್ನೇ ತೋರಿಸುತ್ತದೆ.

ಮನೆಯ ವಿಳಾಸದಷ್ಟೇ ಮುಖ್ಯವಾದುದು ಮೇವಿನ ವಿಳಾಸ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಕಾಣಿಸಿಕೊಂಡ ಮಂಗನ ಕಾಯಿಲೆ ದನವನ್ನು ಬಾಧಿಸದು. ಆದರೆ ಬೆಳೆದ ಉಣುಗುಗಳು ದನದ ರಕ್ತ ಹೀರಿ ಸಂತತಿ ಹೆಚ್ಚಿಸಿಕೊಳ್ಳುತ್ತವೆ. ಕಾಡಿನಲ್ಲಿ ಮಂಗ ಸತ್ತು ಬಿದ್ದಾಗ, ಆ ಬೇಣಕ್ಕೆ, ಆ ಸೊಪ್ಪಿನಬೆಟ್ಟಕ್ಕೆ ಯಾರ ಮನೆಯ ದನ, ಯಾರ ಮನೆಯ ಜನ ಹೋಗುತ್ತಾರೆಂಬುದು ತಿಳಿದಿದ್ದರೆ ಎಚ್ಚರಿಕೆ ಮೊದಲು ಅಲ್ಲಿಗೇ ತಲಪೀತು.

ಆದರೂ ಜನ ಹಿಂಜರಿಯುತ್ತಾರೆ. ಬಗರ್‌ಹುಕುಂ ಅರ್ಜಿ ಇತ್ಯರ್ಥವಾಗದವರು, ಒತ್ತುವರಿ ನೋಟೀಸು ಕಂಡವರು, ದನ ಮೇಯುವ ಕಾಡಿನ ಹೆಸರನ್ನು ಸರ್ಕಾರಿ ಪುಸ್ತಕದಲ್ಲಿ ಏಕೆ ಬರೆಸಿಯಾರು? ಇದನ್ನು ಅಜ್ಞಾನವೆನ್ನುವುದು ಅನ್ಯಾಯ. ರೋಗಕ್ಕಾಗಿ ಕೇಳಿದ ವಿಳಾಸ ರೋಗದ ಕೆಲಸಕ್ಕಷ್ಟೇ ಬಳಕೆಯಾಗುವುದೆಂದು ಆಸ್ಪತ್ರೆ ಮೊದಲೇ ಹೇಳಬೇಕು. ಹೇಳಿದಂತೆ ನಡೆಯಲೂ ಬೇಕು. ಬಂದವರೆಲ್ಲ ಮಗುಚಿ ನೋಡುವಂತೆ ಪುಸ್ತಕ ಮೇಜಿನ ಮೇಲೆ ತೆರೆದಿರಬಾರದು. ಅದರ ಪುಟ ಮೊಬೈಲಿನಲ್ಲಿ ಊರೆಲ್ಲ ಸುತ್ತಬಾರದು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ತಮ್ಮ ಮಜರೆಯ ಮನೆಗಳು, ಕಾಲುದಾರಿ, ಸಂಕಗಳ ಕೈನಕ್ಷೆಯನ್ನು, ಮನೆಯವರ ಒಪ್ಪಿಗೆ ಪಡೆದು, ಬರೆದು ಪಶುವೈದ್ಯರಿಗೆ ಕೊಡಬಹುದು. ಮಳೆಗಾಲದಲ್ಲಿ ಮುಳುಗುವ ಸಂಕ ಯಾವುದೆಂದು ಅದರಲ್ಲಿ ಗುರುತಿಸಿರಲಿ.